ಪ್ರವಾದಿಗೆ ಪ್ರೇಯಸಿ ಯಾಕೆ ಬೇಕಾಯಿತು?

1998ರಲ್ಲಿ ಬಂದ ‘ಜೆರೆಮಯಾ’ ಎಂಬ ಟೀವಿ ಚಿತ್ರದ ನಾಯಕ, ಪ್ರವಾದಿ ಯೆರೆಮೀಯನಿಗೆ ಒಬ್ಬ ಪ್ರೇಯಸಿ ಇದ್ದಾಳೆ. ಹೆಸರು ಜೂಡಿತ್. ಚಿಲಿ ಮೂಲದ ಲಿಯೊನೊರ್ ವರೇಲಾ ಆ ಪಾತ್ರ ಮಾಡಿದ್ದಾರೆ. ದೇವರ ಕರೆ ಬಂದ ಮೇಲೆ ನಾಯಕ ಮನೆಮಂದಿಯನ್ನೂ ಈ ಹುಡುಗಿಯನ್ನೂ ಬಿಟ್ಟು ಜೆರುಸಲೇಮಿನ ದಾರಿ ಹಿಡಿಯಬೇಕು. ನೋಡುವವರ ಕರುಳು ಚುರುಕ್ಕೆನ್ನಬೇಕು. ಟೀವಿಯವರ ಲೆಕ್ಕಾಚಾರದಲ್ಲಿ ಎಲ್ಲ ಸರಿಯಾಗಿಯೇ ಇದೆ. ತೊಡಕು ಒಂದೇ. ಬೈಬಲ್ಲಿನ ಯೆರೆಮೀಯನ ಗ್ರಂಥದ 52 ಅಧ್ಯಾಯಗಳಲ್ಲಿ ಇಂಥ ಹೆಂಗಸು ಎಲ್ಲೂ ಇಲ್ಲ. ಇಲ್ಲದಿರುವುದು ಮಾತ್ರವಲ್ಲ, ಇರಕೂಡದು ಎಂದು 16ನೇ ಅಧ್ಯಾಯ ಕಡ್ಡಿ ಮುರಿದಂತೆ ಹೇಳಿಬಿಟ್ಟಿದೆ. ಯೆರೆಮೀಯ ಮದುವೆಯಾಗಬಾರದು, ಮಕ್ಕಳನ್ನು ಪಡೆಯಬಾರದು, ಸಾವಿನ ಮನೆಗೆ ಹೋಗಿ ಅಳಬಾರದು, ಔತಣದ ಮನೆಗೆ ಹೋಗಿ ಉಣ್ಣಲೂಬಾರದು. ಈ ನೆಲದಲ್ಲಿ ಇನ್ನು ಹುಟ್ಟುವ ಮಕ್ಕಳಿಗೆ ಬಾಳುವ ಯೋಗವಿಲ್ಲ, ಸತ್ತವರನ್ನು ಹೂಳುವವರೂ ಇರುವುದಿಲ್ಲ ಎಂಬುದನ್ನು ಊರಿಗೆ ಸಾರುವುದಕ್ಕಾಗಿ ಅವನ ಒಂಟಿ ಬಾಳನ್ನೇ ಡಂಗುರವಾಗಿ ಮಾಡಲಾಗಿತ್ತು.

ಅಂದರೆ ಅವನ ಒಂಟಿತನ ಪ್ರೇಮವೈಫಲ್ಯವಲ್ಲ, ಅದೊಂದು ಸಾರ್ವಜನಿಕ ಘೋಷಣೆ. ಟೀವಿ ಅದನ್ನು ಖಾಸಗಿ ನೋವಾಗಿ ಇಳಿಸಿತು. ಇಡೀ ಚಿತ್ರದ ದೌರ್ಬಲ್ಯ ಇಲ್ಲಿಂದಲೇ ಶುರುವಾಗುತ್ತದೆ.

ಚಿತ್ರ ಬಂದ ಹಿನ್ನೆಲೆ ಸ್ವಲ್ಪ ಹೇಳಬೇಕು. ಇಟಲಿಯ ಸರ್ಕಾರಿ ಟೀವಿ ಸಂಸ್ಥೆ ರಾಯ್‌ಗೆ 1961ರಿಂದ 1974ರವರೆಗೆ ಮಹಾನಿರ್ದೇಶಕರಾಗಿದ್ದ ಎತ್ತೋರೆ ಬೆರ್ನಾಬೇಯಿ 1992ರಲ್ಲಿ ಲಕ್ಸ್ ವೀಡೆ ಎಂಬ ನಿರ್ಮಾಣ ಸಂಸ್ಥೆ ಕಟ್ಟಿದರು. ಬೈಬಲ್ಲಿನ ಕತೆಗಳನ್ನು ಒಂದೊಂದಾಗಿ ಟೀವಿಗೆ ತರುವುದು ಅದರ ದೊಡ್ಡ ಯೋಜನೆ. ಜರ್ಮನಿಯ ಹಣ, ಅಮೆರಿಕದ ಟಿಎನ್‌ಟಿ ಚಾನೆಲ್ಲಿನ ಸಹಭಾಗಿತ್ವ, ಬ್ರಿಟನ್ನಿನ ರಂಗಭೂಮಿಯ ಕಲಾವಿದರು, ಮೊರಾಕ್ಕೊದ ವಾರ್ಜಾಜಾತ್ ಸುತ್ತಲಿನ ಮರಳುನೆಲ: ಎಲ್ಲ ಸೇರಿ 1990ರ ದಶಕದುದ್ದಕ್ಕೂ ಅಬ್ರಹಾಮ, ಯಾಕೋಬ, ಯೋಸೇಫ, ಮೋಶೆ, ಸಂಸೋನ, ದಾವೀದ, ಸೊಲೊಮೋನ ಹೀಗೆ ಒಬ್ಬರಾದ ಮೇಲೊಬ್ಬರು ತೆರೆಗೆ ಬಂದರು. ರಿಚರ್ಡ್ ಹ್ಯಾರಿಸ್ ಅಬ್ರಹಾಮನಾದರು, ನಮ್ಮಲ್ಲಿ ಗಾಂಧಿಯಾಗಿ ಮನೆಮಾತಾದ ಬೆನ್ ಕಿಂಗ್ಸ್‌ಲಿ ಮೋಶೆಯಾದರು. ‘ಯೋಸೇಫ’ನ ಕತೆಗೆ 1995ರಲ್ಲಿ ಅತ್ಯುತ್ತಮ ಕಿರುಸರಣಿಯ ಎಮ್ಮಿ ಪ್ರಶಸ್ತಿಯೂ ಸಿಕ್ಕಿತು. ಸಾಲಿನ ಕೊನೆಯ ಹೊತ್ತಿಗೆ ಬಂದದ್ದು ಯೆರೆಮೀಯ. ನಿರ್ದೇಶನ ಹ್ಯಾರಿ ವೈನರ್ ಅವರದು. ಪ್ರವಾದಿಯ ಪಾತ್ರಕ್ಕೆ ಪ್ಯಾಟ್ರಿಕ್ ಡೆಂಪ್ಸಿ. ಮುಂದೆ 2005ರಿಂದ ‘ಗ್ರೇಸ್ ಅನಾಟಮಿ’ಯ ಸುಂದರ ಸರ್ಜನ್ ಆಗಿ ಜಗತ್ಪ್ರಸಿದ್ಧರಾದವರು ಇವರೇ. ಆಗ ವಯಸ್ಸು ಮೂವತ್ತೆರಡರ ಆಸುಪಾಸು.

ಯೆರೆಮೀಯನ ಕತೆಯನ್ನು ಟೀವಿಗೆ ಇಳಿಸುವುದು ಮೋಶೆಯ ಕತೆಯಷ್ಟು ಸುಲಭವಲ್ಲ ಎಂಬುದನ್ನು ಒಪ್ಪಬೇಕು. ಮೋಶೆಗೆ ಸಮುದ್ರ ಇಬ್ಭಾಗವಾಗುತ್ತದೆ. ಯೋನನಿಗೆ ದೊಡ್ಡ ಮೀನು ಇದೆ. ಯೆರೆಮೀಯನಿಗೆ ಬಂದದ್ದು ಒಂದು ಬಾದಾಮಿ ಮರದ ಕೊಂಬೆ, ಉತ್ತರ ದಿಕ್ಕಿನಿಂದ ಇತ್ತ ವಾಲಿ ಕುದಿಯುತ್ತಿರುವ ಒಂದು ಹಂಡೆ. ಅವನ ಮೊದಲ ದರ್ಶನ ಇಷ್ಟೇ. ಗುಡುಗಿಲ್ಲ, ಸಿಡಿಲಿಲ್ಲ. ಆ ಸೀಮೆಯಲ್ಲಿ ಬಾದಾಮಿ ಮರ ಚಳಿ ಇನ್ನೂ ಬಿಡುವ ಮೊದಲೇ, ಉಳಿದೆಲ್ಲ ಮರಗಳಿಗಿಂತ ಮುಂಚೆ ಹೂ ಬಿಡುತ್ತದೆ. ಬರುವುದನ್ನು ಮೊದಲೇ ತಿಳಿಸುವ ಮರ ಅದು. ಹಂಡೆಯೋ, ಉತ್ತರದಿಂದ ಬರಲಿರುವ ದಂಡು. ಗ್ರಾಫಿಕ್ಸಿನವರಿಗೆ ಇದರಲ್ಲಿ ಕೆಲಸ ಕಡಿಮೆ, ನಟನಿಗೆ ಮಾತ್ರ ಬೆಟ್ಟದಷ್ಟು.

ಒಲ್ಲದ ಪ್ರವಾದಿಗಳು ಹೀಬ್ರೂ ಪರಂಪರೆಗೆ ಹೊಸಬರಲ್ಲ. ಮೋಶೆ ತನ್ನ ನಾಲಗೆ ತೊದಲುತ್ತದೆ ಎಂದು ತಪ್ಪಿಸಿಕೊಳ್ಳಲು ನೋಡಿದ. ಅಣ್ಣ ಆರೋನನನ್ನು ಬಾಯಾಗಿ ಕೊಟ್ಟ ಮೇಲೆ ಒಪ್ಪಿದ. ಯೋನ ಮಾತೇ ಆಡದೆ ಯೊಪ್ಪ ಬಂದರಿನಲ್ಲಿ ಹಡಗು ಹತ್ತಿ ಎದುರು ದಿಕ್ಕಿಗೆ ಕಾಲ್ಕಿತ್ತ. ಇವರಿಬ್ಬರ ಹಿಂಜರಿಕೆ ಕತೆಯ ಒಂದು ಘಟ್ಟದಲ್ಲಿ ಮುಗಿಯುವಂಥದು, ಅಥವಾ ಒಂದೇ ಕಂತಿನಲ್ಲಿ ತೋರಿಸಿಬಿಡಬಹುದಾದದ್ದು. ಯೆರೆಮೀಯನದು ಹಾಗಲ್ಲ. ಬೆನ್ಯಾಮೀನ ಸೀಮೆಯ ಅನಾತೋತ್ ಎಂಬ ಹಳ್ಳಿಯ ಯಾಜಕರ ಮನೆತನದ ಹುಡುಗ, ಹಿಲ್ಕೀಯನ ಮಗ. ದೊರೆ ಯೋಷೀಯನ 13ನೇ ವರ್ಷದಲ್ಲಿ, ಎಂದರೆ ಸುಮಾರು ಕ್ರಿ.ಪೂ. 627ರಲ್ಲಿ ಕರೆ ಬಂತು. ತಾನಿನ್ನೂ ಚಿಕ್ಕವನು, ಮಾತಾಡಲು ಬಾರದು ಎಂದ. ನಡೆಯಲಿಲ್ಲ. ಅಲ್ಲಿಂದಾಚೆಗೆ ಸುಮಾರು ನಲವತ್ತು ವರ್ಷ ಅವನು ಆ ಕೆಲಸ ಬಿಡಲೂ ಇಲ್ಲ, ಅದರ ಬಗ್ಗೆ ತಕರಾರು ಎತ್ತುವುದನ್ನು ನಿಲ್ಲಿಸಲೂ ಇಲ್ಲ.

ಆ ತಕರಾರುಗಳನ್ನು ಓದಿದವರಿಗೆ ಗೊತ್ತು, ಬೈಬಲ್ಲಿನಲ್ಲಿ ದೇವರೊಡನೆ ಈ ಸಲುಗೆಯಲ್ಲಿ, ಈ ಸಿಟ್ಟಿನಲ್ಲಿ ಮಾತಾಡಿದವರು ಕಡಿಮೆ. 11ರಿಂದ 20ರವರೆಗಿನ ಅಧ್ಯಾಯಗಳಲ್ಲಿ ಇವು ಚದುರಿಕೊಂಡಿವೆ. ಒಂದು ಕಡೆ ದೇವರನ್ನು ನಂಬಿದವರ ಬಾಯಿ ಒಣಗಿಸುವ ಬೇಸಿಗೆಯ ಹಳ್ಳಕ್ಕೆ ಹೋಲಿಸುತ್ತಾನೆ. ಇನ್ನೊಂದು ಕಡೆ ತನ್ನನ್ನು ಮರುಳು ಮಾಡಿ ಈ ಕೆಲಸಕ್ಕೆ ಹಚ್ಚಿದೆ ಎಂದು ನೇರವಾಗಿ ಆರೋಪ ಹೊರಿಸುತ್ತಾನೆ. ಸುಮ್ಮನಿರೋಣವೆಂದರೆ ಎಲುಬಿನೊಳಗೆ ಬೆಂಕಿ ಇಟ್ಟಂತಾಗುತ್ತದೆ, ಬಾಯಿ ಬಿಟ್ಟರೆ ಊರೆಲ್ಲ ನಗುತ್ತದೆ. ಹುಟ್ಟಿದ ದಿನವನ್ನು ಶಪಿಸುತ್ತಾನೆ. ಸಾಲದೆ, ಗಂಡುಮಗು ಹುಟ್ಟಿತು ಎಂದು ತಂದೆಗೆ ಸುದ್ದಿ ಮುಟ್ಟಿಸಿದ ಆ ಬಡಪಾಯಿಯನ್ನೂ ಶಪಿಸುತ್ತಾನೆ! ಇಷ್ಟಕ್ಕೆಲ್ಲ ಹಿನ್ನೆಲೆಯಾಗಿ ದೇವಾಲಯದ ಅಧಿಕಾರಿ ಪಷ್ಹೂರ ಅವನಿಗೆ ಹೊಡೆಸಿ, ರಾತ್ರಿಯಿಡೀ ಕೋಳ ತೊಡಿಸಿ ಕೂರಿಸಿದ ಪ್ರಸಂಗ ಇದೆ.

ಇಂಥ ಮನುಷ್ಯನ ಒಲ್ಲದ ಮನಸ್ಸಿಗೆ ಕಾರಣ ಹುಡುಕಿಕೊಂಡು ಹೋಗಿ ಚಿತ್ರಕತೆಗಾರರು ತಂದದ್ದು ಒಬ್ಬ ಹುಡುಗಿಯನ್ನು. ಪ್ರೀತಿಸಿದವಳನ್ನು ಬಿಟ್ಟುಹೋಗುವ ಸಂಕಟ ಎಲ್ಲರಿಗೂ ಅರ್ಥವಾಗುತ್ತದೆ, ಅನುವಾದ ಬೇಡ, ಡಬ್ಬಿಂಗ್ ಸುಲಭ. ಇಟಲಿ, ಜರ್ಮನಿ, ಅಮೆರಿಕ ಮೂರೂ ಕಡೆ ಮನೆಮಂದಿಯೆಲ್ಲ ಕೂತು ನೋಡಬೇಕಾದ ಚಿತ್ರಕ್ಕೆ ಅದು ಸುರಕ್ಷಿತ ದಾರಿ. ಆದರೆ ಹಾಗೆ ಮಾಡಿದಾಗ ಹಿಂಜರಿಕೆಯ ದಿಕ್ಕೇ ಬದಲಾಗುತ್ತದೆ. ಹುಡುಗಿ ಒಂದು ವೇಳೆ ಇರದಿದ್ದರೆ ಈತ ಸಲೀಸಾಗಿ ಪ್ರವಾದಿಯಾಗುತ್ತಿದ್ದ ಎಂಬ ಭಾವನೆ ಬರುತ್ತದೆ. ಗ್ರಂಥದ ಯೆರೆಮೀಯನಿಗೆ ಕಳೆದುಕೊಳ್ಳಲು ಪ್ರೇಯಸಿ ಬೇಕಿರಲಿಲ್ಲ. ಅವನ ಸಂಕಟ ಹೇಳಬೇಕಾದ ಸಂದೇಶದಲ್ಲೇ ಇತ್ತು.

ಏನದು ಸಂದೇಶ? ಟೀವಿಗೆ ನುಂಗಲಾರದ ತುತ್ತು ಇದೇ. ಶತ್ರುವಿಗೆ ಶರಣಾಗಿ ಎಂಬುದು.

ಯೆಹೂದ ಆಗ ಎರಡು ದೈತ್ಯ ಶಕ್ತಿಗಳ ನಡುವಿನ ಪುಟ್ಟ ರಾಜ್ಯ. ದಕ್ಷಿಣಕ್ಕೆ ಈಜಿಪ್ಟ್, ಪೂರ್ವಕ್ಕೆ ಬಾಬಿಲೋನ್. ಕ್ರಿ.ಪೂ. 609ರಲ್ಲಿ ಸುಧಾರಕ ದೊರೆ ಯೋಷೀಯ ಮೆಗಿದ್ದೋದಲ್ಲಿ ಈಜಿಪ್ಟಿನ ಫರೋಹ ನೆಕೋನ ಕೈಯಲ್ಲಿ ಸತ್ತ. 605ರಲ್ಲಿ ಕರ್ಕೆಮೀಷಿನಲ್ಲಿ ಅದೇ ಈಜಿಪ್ಟನ್ನು ಬಾಬಿಲೋನಿನ ನೆಬೂಕದ್ನೆಚ್ಚರ ಸದೆಬಡಿದ. ಅಲ್ಲಿಂದ ಮುಂದೆ ಜೆರುಸಲೇಮಿನ ಅರಮನೆಯಲ್ಲಿ ಒಂದೇ ಚರ್ಚೆ: ಈಜಿಪ್ಟನ್ನು ನಂಬಿ ಬಾಬಿಲೋನಿನ ವಿರುದ್ಧ ಏಳಬೇಕೋ, ಕಪ್ಪ ಕೊಟ್ಟು ತಗ್ಗಿ ಬಾಳಬೇಕೋ. ದೇಶಾಭಿಮಾನಿಗಳೆಲ್ಲ ಏಳಬೇಕೆನ್ನುವವರು. ದೇವಾಲಯ ಇರುವ ಊರು ಬೀಳುವುದೇ ಇಲ್ಲ ಎಂಬುದು ಅವರ ನಂಬಿಕೆ. ಯೆರೆಮೀಯ ಹೆಗಲ ಮೇಲೆ ಮರದ ನೊಗ ಹೊತ್ತು ಬೀದಿಯಲ್ಲಿ ನಡೆದ. ಬಾಬಿಲೋನಿನ ನೊಗಕ್ಕೆ ಕತ್ತು ಕೊಟ್ಟವರು ಬದುಕುತ್ತಾರೆ ಎಂದ. ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಎಲ್ಲರೆದುರಿಗೆ ಆ ನೊಗ ಕಿತ್ತು ಮುರಿದು, ಎರಡೇ ವರ್ಷದಲ್ಲಿ ಸೆರೆಹೋದವರೆಲ್ಲ ಮರಳಿ ಬರುತ್ತಾರೆಂದು ಘೋಷಿಸಿದ. ಜನಕ್ಕೆ ಯಾರ ಮಾತು ಇಷ್ಟವಾಗಿರಬೇಕು? ಯೆರೆಮೀಯ ಅಲ್ಲಿ ವಾದ ಮಾಡಲಿಲ್ಲ. ಹಾಗೇ ಆಗಲಿ ಎಂದು ಹಾರೈಸಿ, ತನ್ನ ಪಾಡಿಗೆ ತಾನು ಹೊರಟುಹೋದ. ಆಮೇಲೆ ಬಂದು, ಮರದ ನೊಗ ಹೋಗಿ ಕಬ್ಬಿಣದ್ದು ಬಂತು ಎಂದ.

ಮೊದಲ ಬಾರಿಗೆ ಸೋತು ಬಾಬಿಲೋನಿಗೆ ಸೆರೆಹೋದವರಿಗೆ ಅವನು ಬರೆದ ಪತ್ರ ಇನ್ನೂ ವಿಚಿತ್ರ. ಬೇಗ ಬಿಡುಗಡೆಯಾಗುತ್ತೀರಿ ಎಂದು ಸಮಾಧಾನ ಹೇಳುವ ಬದಲು, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಹಿಡಿದ ಊರಿನ ಒಳಿತಿಗಾಗಿಯೇ ಪ್ರಾರ್ಥಿಸಿ ಎಂದ. 70 ವರ್ಷದ ಲೆಕ್ಕ ಕೊಟ್ಟ. ತನಗೆ ಮದುವೆ ನಿಷಿದ್ಧವಾಗಿದ್ದವನು ಸೆರೆಯಾಳುಗಳಿಗೆ ಮದುವೆಯಾಗಿ ಎಂದು ಕಾಗದ ಬರೆಯುತ್ತಾನೆ. ಯಾವ ಕಾಲ್ಪನಿಕ ಜೂಡಿತ್ ಇದಕ್ಕಿಂತ ಹೆಚ್ಚಿನ ವೇದನೆಯನ್ನು ತಂದುಕೊಟ್ಟಾಳು?

ಈ ಕತೆಯಲ್ಲಿ ನಾಟಕದ ಸರಕಿಗೆ ಬರವಿಲ್ಲ ಎನ್ನುವುದಕ್ಕೆ 36ನೇ ಅಧ್ಯಾಯವೊಂದೇ ಸಾಕು. ಯೆರೆಮೀಯನಿಗೆ ದೇವಾಲಯದ ಒಳಗೆ ಕಾಲಿಡಲು ಅಡ್ಡಿ ಇದ್ದ ಕಾಲ. ಅವನು ಹೇಳಿದ್ದನ್ನೆಲ್ಲ ಶಿಷ್ಯ ಬಾರೂಕ ಸುರುಳಿಯ ಮೇಲೆ ಬರೆದುಕೊಂಡು ಹೋಗಿ, ಉಪವಾಸದ ದಿನ ನೆರೆದ ಜನಕ್ಕೆ ಓದಿ ಹೇಳಿದ. ಸುದ್ದಿ ಅಧಿಕಾರಿಗಳಿಗೆ ಮುಟ್ಟಿತು. ಅವರು ಓದಿಸಿ ಕೇಳಿ, ಹೆದರಿ, ಮೊದಲು ಬಾರೂಕನಿಗೂ ಅವನ ಗುರುವಿಗೂ ಎಲ್ಲಾದರೂ ಅಡಗಿಕೊಳ್ಳಿ ಎಂದರು; ಆಮೇಲೆ ದೊರೆಗೆ ವರದಿ ಒಪ್ಪಿಸಿದರು. ಆಡಳಿತ ನಡೆಸುವವರ ನಡವಳಿಕೆಯನ್ನು ಬಲ್ಲವನು ಬರೆದ ಸಾಲು ಅದು. ಚಳಿಗಾಲ. ದೊರೆ ಯೆಹೋಯಾಕೀಮ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದಾನೆ. ಒಬ್ಬ ಓದುತ್ತಿದ್ದಾನೆ. ಮೂರು ನಾಲ್ಕು ಅಂಕಣ ಮುಗಿದ ಹಾಗೆಲ್ಲ ದೊರೆ ಚಾಕುವಿನಿಂದ ಅಷ್ಟನ್ನು ಕತ್ತರಿಸಿ ಕೆಂಡಕ್ಕೆ ಹಾಕುತ್ತಾನೆ. ಸಿಟ್ಟಿಲ್ಲ, ಕೂಗಾಟವಿಲ್ಲ. ಸುರುಳಿ ಮುಗಿಯುವವರೆಗೂ ಹೀಗೆಯೇ. ಬಾಬಿಲೋನಿನ ವೃತ್ತಾಂತಗಳು ಅದೇ ಚಳಿಗಾಲದಲ್ಲಿ ನೆಬೂಕದ್ನೆಚ್ಚರ ಕರಾವಳಿಯ ಅಷ್ಕೆಲೋನ್ ನಗರವನ್ನು ಹಿಡಿದು ಹಾಳುಗೆಡವಿದನೆಂದು ದಾಖಲಿಸಿವೆ. ಉಪವಾಸ ಯಾಕೆ ಸಾರಿದ್ದರು ಎಂಬುದಕ್ಕೆ ಇತಿಹಾಸಕಾರರು ಕೊಡುವ ಕಾರಣ ಅದು. ದಂಡು ಪಕ್ಕದೂರಿಗೆ ಬಂದಿದೆ, ದೊರೆ ಎಚ್ಚರಿಕೆಯ ಕಾಗದವನ್ನು ಸುಡುತ್ತ ಮೈ ಕಾಯಿಸಿಕೊಳ್ಳುತ್ತಿದ್ದಾನೆ. ಯೆರೆಮೀಯನೋ ಬಾರೂಕನನ್ನು ಕೂರಿಸಿಕೊಂಡು ಅಷ್ಟನ್ನೂ ಮತ್ತೆ ಬರೆಸಿದ. ಈ ಸಲ ಇನ್ನಷ್ಟು ಸೇರಿಸಿ.

ಆ ದಿನ ಸುಡಬೇಡಿ ಎಂದು ದೊರೆಯನ್ನು ಬೇಡಿಕೊಂಡ ಮೂವರಲ್ಲಿ ಶಾಫಾನನ ಮಗ ಗೆಮರ್ಯನೂ ಒಬ್ಬ. 1982ರಲ್ಲಿ ಜೆರುಸಲೇಮಿನ ದಾವೀದನಗರದಲ್ಲಿ ಯಿಗಲ್ ಶಿಲೋ ಅವರ ತಂಡ ಅಗೆದಾಗ ಸುಟ್ಟುಹೋದ ಒಂದು ಮನೆಯ ನೆಲದಲ್ಲಿ 51 ಮಣ್ಣಿನ ಮುದ್ರೆಗಳು ಸಿಕ್ಕವು. ಅವುಗಳಲ್ಲಿ ಒಂದರ ಮೇಲೆ ಇದೇ ಗೆಮರ್ಯನ ಹೆಸರು, ತಂದೆಯ ಹೆಸರಿನ ಸಮೇತ. ಮುದ್ರೆ ಒತ್ತಿದ್ದ ಪಪೈರಸ್ ಕಾಗದಗಳೆಲ್ಲ ನಗರ ಬಾಬಿಲೋನಿನ ಕೈಗೆ ಬಿದ್ದಾಗಿನ ಬೆಂಕಿಯಲ್ಲಿ ಬೂದಿಯಾದವು. ಹಸಿಮಣ್ಣಿನ ಮುದ್ರೆಗಳು ಅದೇ ಬೆಂಕಿಯಲ್ಲಿ ಬೆಂದು ಗಟ್ಟಿಯಾಗಿ ಉಳಿದವು.

ಶಾಫಾನನ ಮನೆತನ ಎಂದಾಗ ಚಿತ್ರದ ಇನ್ನೊಂದು ಬದಲಾವಣೆ ನೆನಪಾಗುತ್ತದೆ. ಚಿತ್ರದಲ್ಲಿ ಆಲಿವರ್ ರೀಡ್ ‘ಜನರಲ್ ಸಫಾನ್’. ಸೇನಾಪತಿ. ಗ್ರಂಥದಲ್ಲಿ ಶಾಫಾನ ಖಡ್ಗ ಹಿಡಿದವನಲ್ಲ, ಲೇಖನಿ ಹಿಡಿದವನು. ಯೋಷೀಯನ ಆಸ್ಥಾನದ ಲಿಪಿಕಾರ. ದೇವಾಲಯದ ದುರಸ್ತಿಯಲ್ಲಿ ಸಿಕ್ಕ ಧರ್ಮಶಾಸ್ತ್ರದ ಸುರುಳಿಯನ್ನು ದೊರೆಗೆ ಓದಿ ಹೇಳಿದವನು ಅವನೇ. ಅವನ ಮಗ ಅಹೀಕಾಮ ಯೆರೆಮೀಯನನ್ನು ಗುಂಪಿನ ಕೈಯಿಂದ ಉಳಿಸಿದ, ಇನ್ನೊಬ್ಬ ಮಗ ಸುರುಳಿ ಸುಡಬೇಡಿ ಎಂದ, ಮೊಮ್ಮಗ ಗೆದಲ್ಯ ಕೊನೆಯಲ್ಲಿ ನಾಡಿನ ಅಧಿಪತಿಯಾಗಿ ಪ್ರವಾದಿಗೆ ಆಶ್ರಯ ಕೊಟ್ಟ. ಮೂರು ತಲೆಮಾರು ಒಬ್ಬ ಅಪ್ರಿಯ ಮನುಷ್ಯನನ್ನು ಕಾಪಾಡಿದ ಗುಮಾಸ್ತರ ಕುಟುಂಬ. ಅದನ್ನು ಬಿಟ್ಟು ಹೆಸರನ್ನಷ್ಟೇ ಒಬ್ಬ ಸೇನಾಪತಿಗೆ ಅಂಟಿಸಿದ್ದಾರೆ. ಕತ್ತಿ ಇದ್ದರೆ ತೆರೆ ತುಂಬುತ್ತದೆ, ಲೇಖನಿಗೆ ಆ ಮೆರುಗಿಲ್ಲ ಎಂದಿರಬೇಕು. ರೀಡ್ ದೊಡ್ಡ ನಟ, ಅನುಮಾನವಿಲ್ಲ; ಮರುವರ್ಷವೇ ಮಾಲ್ಟಾದಲ್ಲಿ ‘ಗ್ಲಾಡಿಯೇಟರ್’ ಚಿತ್ರೀಕರಣದ ನಡುವೆ ತೀರಿಕೊಂಡರು. ಅವರ ಆ ಗಡಸು ದನಿಯ ಒಬ್ಬ ಲಿಪಿಕಾರ, ಚಳಿಗಾಲದ ಅರಮನೆಯಲ್ಲಿ ದೊರೆಗೆ ಬೇಡ ಎನ್ನುವ ದೃಶ್ಯ ಹೇಗಿರುತ್ತಿತ್ತು!

ಮೂಲಕ್ಕೆ ಇಲ್ಲದ್ದನ್ನು ಸೇರಿಸಿದರು ಎಂಬುದೇ ಇಲ್ಲಿನ ದೂರಲ್ಲ. ಕನ್ನಡದವರು ಹಾಗೆ ದೂರಿದರೆ ನಗೆಪಾಟಲು. ನಮ್ಮ ಮೊದಲ ಮಹಾಕವಿಯೇ 941ರಲ್ಲಿ ವ್ಯಾಸಭಾರತವನ್ನು ಹಿಡಿದು ಅರ್ಜುನನಿಗೆ ತನ್ನ ದೊರೆ ಅರಿಕೇಸರಿಯ ಮುಖ ಇಟ್ಟ, ದ್ರೌಪದಿಯನ್ನು ಅವನೊಬ್ಬನ ಹೆಂಡತಿ ಮಾಡಿದ. ರನ್ನ ದುರ್ಯೋಧನನಿಗೆ ಮೂಲದಲ್ಲಿಲ್ಲದ ಘನತೆ ತಂದುಕೊಟ್ಟ. ಅವರನ್ನು ಯಾರೂ ಕಟಕಟೆಗೆ ನಿಲ್ಲಿಸಿಲ್ಲ, ಏಕೆಂದರೆ ಆ ಬದಲಾವಣೆಗಳು ಪಾತ್ರಗಳನ್ನು ಬೆಳೆಸಿದವು, ಅಥವಾ ಕವಿಗೆ ತನ್ನ ಕಾಲದ ಬಗ್ಗೆ ಹೇಳಬೇಕಾದದ್ದೇನೋ ಇತ್ತು. ಜೂಡಿತಳಿಂದ ಯೆರೆಮೀಯ ಬೆಳೆಯುವುದಿಲ್ಲ. ಪ್ರೇಕ್ಷಕನಿಗೆ ಅವನು ಹತ್ತಿರದವನಂತೆ ಕಾಣುತ್ತಾನೆ, ಅಷ್ಟೇ. ಒಂದೂವರೆ ಗಂಟೆಯ ಚಿತ್ರದಲ್ಲಿ ನಲವತ್ತು ವರ್ಷದ ಬಾಳನ್ನು ತುಂಬಬೇಕಾದಾಗ ಪ್ರೇಮಕ್ಕೆ ಕೊಟ್ಟ ಪ್ರತಿ ನಿಮಿಷವೂ ಬೇರೆ ಯಾವುದರಿಂದಲೋ ಕಿತ್ತುಕೊಂಡದ್ದೇ.

ಇದೇ ಯೆರೆಮೀಯನನ್ನು ಎತ್ತಿಕೊಂಡು ಬೇರೊಂದು ದಾರಿ ಹಿಡಿದವರಿದ್ದಾರೆ. ಆಸ್ಟ್ರಿಯಾದ ಸ್ಟೆಫಾನ್ ಝ್ವೈಗ್ ಮೊದಲ ಮಹಾಯುದ್ಧದ ನಡುವೆ ಅವನ ಮೇಲೆ ನಾಟಕ ಬರೆದ. 1917ರಲ್ಲಿ ಅಚ್ಚಾಯಿತು, ಮರುವರ್ಷ ರಂಗಕ್ಕೆ ಬಂದದ್ದು ಯುದ್ಧದಿಂದ ಹೊರಗಿದ್ದ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಊರೆಲ್ಲ ಯುದ್ಧದ ಅಮಲಿನಲ್ಲಿರುವಾಗ ಬೇಡ ಎನ್ನುವವನ ಪಾಡು ಏನಾಗುತ್ತದೆ ಎಂಬುದನ್ನು ಝ್ವೈಗ್ ನೇರವಾಗಿ ಹಿಡಿದ. ಸೋಲನ್ನು ಒಪ್ಪಿಕೊಳ್ಳಿ ಎನ್ನುವವನು ದ್ರೋಹಿಯೋ, ನಾಡಿನ ಹಿತೈಷಿಯೋ ಎಂಬ ಪ್ರಶ್ನೆಗೆ ಆಗ ಯೂರೋಪಿನ ಬೀದಿಬೀದಿಯಲ್ಲಿ ಬೆಲೆಯಿತ್ತು. ಇಂದಿಗೂ ಇದೆ. 1998ರ ಚಿತ್ರ ಅಂಥ ಯಾವ ಬಿಸಿಯನ್ನೂ ಮುಟ್ಟಲು ಹೋಗುವುದಿಲ್ಲ.

ಅಂದಿನ ಅಧಿಕಾರಿಗಳ ಕೋಪಕ್ಕೆ ಕಾರಣ ಇರಲಿಲ್ಲವೆಂದಲ್ಲ, ಅದನ್ನೂ ಹೇಳಬೇಕು. ಕ್ರಿ.ಪೂ. 588ರ ಹೊತ್ತಿಗೆ ಬಾಬಿಲೋನಿನ ದಂಡು ಜೆರುಸಲೇಮನ್ನು ಸುತ್ತುವರಿದಿತ್ತು. ಒಂದೊಂದೇ ಕೋಟೆ ಬೀಳುತ್ತಿತ್ತು. ಕೊನೆಗೆ ಲಾಕೀಷ್ ಮತ್ತು ಅಜೇಕ ಎಂಬ ಎರಡು ಮಾತ್ರ ಉಳಿದಿದ್ದವು ಎನ್ನುತ್ತದೆ ಗ್ರಂಥದ 34ನೇ ಅಧ್ಯಾಯ. 1935ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಜೆ.ಎಲ್. ಸ್ಟಾರ್ಕಿ ಲಾಕೀಷಿನ ಕೋಟೆಬಾಗಿಲ ಕಾವಲು ಕೋಣೆಯಲ್ಲಿ ಮಡಕೆಚೂರುಗಳ ಮೇಲೆ ಮಸಿಯಲ್ಲಿ ಬರೆದ 18 ಕಾಗದಗಳನ್ನು ಕಂಡರು. ಹೊರಠಾಣೆಯೊಂದರ ಅಧಿಕಾರಿ ಮೇಲಧಿಕಾರಿಗೆ ಬರೆದವು. ಒಂದರಲ್ಲಿ, ತಾವು ಲಾಕೀಷಿನ ಬೆಂಕಿ ಸಂಕೇತಗಳಿಗಾಗಿ ಕಾಯುತ್ತಿದ್ದೇವೆ, ಅಜೇಕದ್ದು ಕಾಣುತ್ತಿಲ್ಲ ಎಂಬ ಒಕ್ಕಣೆ ಇದೆ. ಇನ್ನೊಂದರಲ್ಲಿ ರಾಜಧಾನಿಯಿಂದ ಬಂದ ಮಾತುಗಳು ಜನರ ಕೈಸೋಲುವಂತೆ ಮಾಡುತ್ತಿವೆ ಎಂಬ ಗೊಣಗಾಟ. ಯೆರೆಮೀಯನ ಮೇಲೆ ಅಧಿಕಾರಿಗಳು ದೊರೆಗೆ ಕೊಟ್ಟ ದೂರೂ ಹೆಚ್ಚುಕಡಿಮೆ ಇದೇ ಮಾತಿನದು: ಉಳಿದಿರುವ ಸೈನಿಕರ ಕೈಯನ್ನು ಈತ ಸೋಲಿಸುತ್ತಿದ್ದಾನೆ. ಗೋಡೆಯ ಮೇಲೆ ಕಾವಲು ನಿಂತ ಸಿಪಾಯಿಯ ಜಾಗದಲ್ಲಿ ನಿಂತು ನೋಡಿದರೆ ಆ ದೂರು ಸುಳ್ಳಲ್ಲ.

ದೂರು ಕೊಟ್ಟವರ ಹೆಸರುಗಳನ್ನೂ 38ನೇ ಅಧ್ಯಾಯ ಪಟ್ಟಿ ಮಾಡಿದೆ. ಅವರಲ್ಲಿ ಶೆಲೆಮ್ಯನ ಮಗ ಯೂಕಲ, ಪಷ್ಹೂರನ ಮಗ ಗೆದಲ್ಯ ಎಂಬಿಬ್ಬರ ಹೆಸರು ಹೊತ್ತ ಮುದ್ರೆಗಳು ಏಲಾತ್ ಮಜಾರ್ ಅವರ ಉತ್ಖನನದಲ್ಲಿ ಒಂದು 2005ರಲ್ಲಿ, ಇನ್ನೊಂದು 2008ರಲ್ಲಿ, ಪರಸ್ಪರ ಕೆಲವೇ ಮೀಟರುಗಳ ಅಂತರದಲ್ಲಿ ಸಿಕ್ಕವು. ಇವರ ಒತ್ತಾಯಕ್ಕೆ ಮಣಿದ ದೊರೆ ಚಿದ್ಕೀಯ, ನಿಮ್ಮ ಮುಂದೆ ನನ್ನದೇನೂ ನಡೆಯದು ಎಂದು ಕೈಚೆಲ್ಲಿದ. ಅವರು ಯೆರೆಮೀಯನನ್ನು ನೀರಿಲ್ಲದ ಬಾವಿಗೆ ಹಗ್ಗದಿಂದ ಇಳಿಬಿಟ್ಟರು. ಕೆಸರಿನಲ್ಲಿ ಹೂತುಹೋದ. ಅವನನ್ನು ಮೇಲೆತ್ತಿದವನು ಅರಮನೆಯ ಒಬ್ಬ ಪರದೇಶಿ, ಕೂಷ್ ನಾಡಿನ ಎಬೆದ್ಮೆಲೆಕ. ಹಗ್ಗ ಕಂಕುಳನ್ನು ಕೊಯ್ಯದಿರಲೆಂದು ಉಗ್ರಾಣದ ಹಳೆಯ ಚಿಂದಿ ಬಟ್ಟೆಗಳನ್ನು ಹುಡುಕಿ ಮೊದಲು ಅವನ್ನು ಕೆಳಗೆ ಬಿಟ್ಟ. ಕಲ್ಪಿಸಿ ಬರೆಯುವವರಿಗೆ ಹೊಳೆಯದ ವಿವರ ಇದು.

ಆಮೇಲಿನ ದೃಶ್ಯ ಇಡೀ ಗ್ರಂಥದಲ್ಲೇ ಅತ್ಯಂತ ರಂಗಯೋಗ್ಯವಾದದ್ದು. ದೊರೆ ಗುಟ್ಟಾಗಿ ಪ್ರವಾದಿಯನ್ನು ದೇವಾಲಯದ ಮೂರನೇ ಬಾಗಿಲಿಗೆ ಕರೆಸಿಕೊಳ್ಳುತ್ತಾನೆ. ಏನು ಮಾಡಲಿ ಎಂದು ಕೇಳುತ್ತಾನೆ. ಶರಣಾದರೆ ನೀನೂ ಊರೂ ಉಳಿಯುತ್ತೀರಿ ಎಂಬ ಅದೇ ಉತ್ತರ. ದೊರೆಗೆ ದೇವರ ಭಯವಿಲ್ಲ, ನೆಬೂಕದ್ನೆಚ್ಚರನ ಭಯವೂ ಅಷ್ಟಿಲ್ಲ; ಈಗಾಗಲೇ ಬಾಬಿಲೋನಿನ ಕಡೆ ಸೇರಿದ ತನ್ನ ಪ್ರಜೆಗಳು ಹಂಗಿಸಿಯಾರು ಎಂಬ ಅಂಜಿಕೆ! ಕೊನೆಗೆ ಈ ಭೇಟಿ ಯಾರಿಗೂ ತಿಳಿಯಬಾರದು, ಅಧಿಕಾರಿಗಳು ಕೇಳಿದರೆ ಹಳೆಯ ಸೆರೆಮನೆಗೆ ಕಳಿಸಬೇಡಿ ಎಂದು ಬೇಡಿಕೊಳ್ಳಲು ಹೋಗಿದ್ದೆ ಎನ್ನು, ಎಂದು ಪಾಠ ಹೇಳಿಕೊಡುತ್ತಾನೆ. ಅವರು ಕೇಳಿದರು. ಯೆರೆಮೀಯ ದೊರೆ ಹೇಳಿಕೊಟ್ಟದ್ದನ್ನೇ ಹೇಳಿದ. ನಲವತ್ತು ವರ್ಷ ಯಾರ ಮುಲಾಜೂ ಇಲ್ಲದೆ ಸತ್ಯ ಹೇಳಿದವನು ಒಬ್ಬ ಹೇಡಿ ದೊರೆಯ ಮಾನ ಉಳಿಸಲು ಅರ್ಧಸತ್ಯ ನುಡಿದ. ಗ್ರಂಥ ಅದನ್ನು ಸಮರ್ಥಿಸುವುದೂ ಇಲ್ಲ, ಖಂಡಿಸುವುದೂ ಇಲ್ಲ. ಒಳ್ಳೆಯ ಚಿತ್ರಕತೆಗಾರ ಇಡೀ ಒಂದು ಕಂತನ್ನು ಈ ಒಂದು ಭೇಟಿಯ ಮೇಲೆ ಕಟ್ಟಬಲ್ಲ.

ಇನ್ನು ಜಮೀನಿನ ವ್ಯವಹಾರ. ಊರು ಮುತ್ತಿಗೆಯಲ್ಲಿದೆ, ಯೆರೆಮೀಯ ಸೆರೆಯಲ್ಲಿದ್ದಾನೆ. ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ಹೊಲವನ್ನು ಕುಟುಂಬದ ಹಕ್ಕಿನಂತೆ ನೀನೇ ಕೊಂಡುಕೋ ಎನ್ನುತ್ತಾನೆ. ಆ ಹೊಲ ಆಗ ಶತ್ರುಗಳ ವಶದಲ್ಲಿರುವ ಸೀಮೆಯಲ್ಲಿದೆ. ಎಲ್ಲ ಮುಗಿಯಿತು ಎಂದು ಸಾರುತ್ತ ಬಂದವನು 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿಗಳ ರುಜು ಹಾಕಿಸಿ, ಮುದ್ರೆ ಒತ್ತಿಸಿ, ಕ್ರಯಪತ್ರದ ಎರಡೂ ಪ್ರತಿಗಳನ್ನು ಬಹುಕಾಲ ಕೆಡದಿರಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಮುಂದೊಂದು ದಿನ ಇಲ್ಲಿ ಮತ್ತೆ ಹೊಲ ಮನೆಗಳ ಕ್ರಯವಿಕ್ರಯ ನಡೆಯುತ್ತದೆ ಎಂಬುದು ಅದರ ತಾತ್ಪರ್ಯ. ಆಶಾವಾದವನ್ನು ಹೀಗೆ ನೋಂದಣಿ ಕಚೇರಿಯ ಶಿಸ್ತಿನಲ್ಲಿ ಬರೆದಿಟ್ಟ ಇನ್ನೊಂದು ಧರ್ಮಗ್ರಂಥದ ಅಧ್ಯಾಯ ಸಿಗುವುದು ಕಷ್ಟ.

ಚಿತ್ರದಲ್ಲಿ ನೆಬೂಕದ್ನೆಚ್ಚರನಾಗಿ ಕ್ಲಾಸ್ ಮರಿಯಾ ಬ್ರಾಂಡವರ್ ಇದ್ದಾರೆ ಎಂಬುದು ದೊಡ್ಡ ಆಕರ್ಷಣೆ. 1981ರ ‘ಮೆಫಿಸ್ಟೊ’ದಲ್ಲಿ ಅಧಿಕಾರದ ಮುಂದೆ ತನ್ನನ್ನೇ ಮಾರಿಕೊಳ್ಳುವ ಕಲಾವಿದನ ಪಾತ್ರವನ್ನು ಮರೆಯಲಾಗದಂತೆ ಮಾಡಿದವರು. ಅವರಿರುವಾಗ ಗ್ರಂಥದ ಅತ್ಯಂತ ಇರುಸುಮುರುಸಿನ ಮಾತನ್ನು ಕೈಗೆತ್ತಿಕೊಳ್ಳುವ ಅವಕಾಶವಿತ್ತು: ದೇವಾಲಯವನ್ನು ಸುಟ್ಟವನ ಅಪ್ಪಣೆಯಂತೆಯೇ ಯೆರೆಮೀಯನಿಗೆ ಬಿಡುಗಡೆ ಸಿಕ್ಕಿತು. ದಂಡನಾಯಕ ನೆಬೂಜರದಾನ ಅವನ ಕೈಕೋಳ ತೆಗೆದು, ದಾರಿಯ ಬುತ್ತಿ ಕೊಟ್ಟು, ಉಡುಗೊರೆಯನ್ನೂ ಕೊಟ್ಟು ಕಳಿಸಿದ. ಚಿದ್ಕೀಯನ ಮಕ್ಕಳನ್ನು ಅವನ ಕಣ್ಣೆದುರಿಗೇ ಕೊಂದು, ಆಮೇಲೆ ಅವನ ಕಣ್ಣು ಕೀಳಿಸಿ, ಸಂಕೋಲೆ ಹಾಕಿ ಎಳೆದುಕೊಂಡು ಹೋದವರೂ ಅವರೇ. ಬದುಕುಳಿದ ನೆರೆಹೊರೆಯವರು ಆ ಬುತ್ತಿಯ ಗಂಟನ್ನು ಯಾವ ಕಣ್ಣಿನಿಂದ ನೋಡಿರಬಹುದು? ಬಾಬಿಲೋನಿಗೆ ಬಂದರೆ ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದರೂ ಅವನು ಹೋಗಲಿಲ್ಲ, ಹಾಳುಬಿದ್ದ ನಾಡಿನಲ್ಲೇ ಉಳಿದ ಎಂಬುದನ್ನು ಇದರ ಜೊತೆಗೇ ಇಟ್ಟು ನೋಡಬೇಕು. ಅಧಿಪತಿಯಾಗಿದ್ದ ಶಾಫಾನನ ಮೊಮ್ಮಗ ಗೆದಲ್ಯನ ಕೊಲೆಯಾದ ಮೇಲೆ ಹೆದರಿದ ಜನ, ಬೇಡ ಬೇಡವೆಂದರೂ ಕೇಳದೆ, ಅವನನ್ನೂ ಕರೆದುಕೊಂಡು ಈಜಿಪ್ಟಿಗೆ ಓಡಿದರು. ಅಲ್ಲಿ ತಹಪನೇಸಿನಲ್ಲೂ ಅದೇ ಜಗಳ. ಸಾವಿನ ಸುದ್ದಿ ಗ್ರಂಥದಲ್ಲಿ ಇಲ್ಲ.

ಹಾಗಾದರೆ 1998ರ ಚಿತ್ರವನ್ನು ನೋಡಬಾರದೇ? ನೋಡಬಹುದು. ರೀಡ್‌ಗಾಗಿ, ಬ್ರಾಂಡವರ್‌ಗಾಗಿ, ವೈದ್ಯನಾಗುವ ಮುಂಚಿನ ಡೆಂಪ್ಸಿಗಾಗಿ. ಯೆರೆಮೀಯನ ಹೆಸರನ್ನೇ ಕೇಳದವರಿಗೆ ಪರಿಚಯದ ಮಟ್ಟಿಗೆ ಅದು ಸಾಕು. ಆದರೆ ಈಗ ಕಾಲ ಬದಲಾಗಿದೆ. ಎಂಟು ಹತ್ತು ಗಂಟೆಯ ವೆಬ್ ಸರಣಿಗಳಿಗೆ ಹಣ ಹೂಡುವವರಿದ್ದಾರೆ, ನಾಯಕ ಎಲ್ಲರಿಗೂ ಇಷ್ಟವಾಗಲೇಬೇಕೆಂಬ ಹಟ ಪ್ರೇಕ್ಷಕರಿಗೂ ಇಲ್ಲ. ಶಾಫಾನನ ಮನೆಯ ಮೂರು ತಲೆಮಾರು, ಐದು ದೊರೆಗಳು, ಸುಟ್ಟ ಸುರುಳಿ, ಕೊಂಡ ಹೊಲ, ಗುಟ್ಟಿನ ಭೇಟಿ ಎಲ್ಲವೂ ಸಿದ್ಧವಾಗಿ ಕಾದಿವೆ. ಮುಂದೆ ಈ ಕತೆಗೆ ಕೈಹಾಕುವವರು ಪ್ರೇಯಸಿಯನ್ನು ಹುಡುಕುವ ಮೊದಲು ಬಾರೂಕನನ್ನು ಹುಡುಕಲಿ.

ಅಷ್ಟರೊಳಗೆ ಕನ್ನಡದ ಓದುಗರು ಕಾಯಬೇಕಾಗಿಲ್ಲ. ಬಳ್ಳಾರಿಯ ಮಿಷನರಿಗಳ ಕೆಲಸದಿಂದ 1831ರ ಹೊತ್ತಿಗೇ ಬೈಬಲ್ಲು ಪೂರ್ತಿಯಾಗಿ ಕನ್ನಡಕ್ಕೆ ಬಂದಿತ್ತು. ಇಂದು ಅದು ಮೊಬೈಲಿನಲ್ಲೂ ಸಿಗುತ್ತದೆ. ಚಿತ್ರ ಹಾಕಿಕೊಳ್ಳುವ ಮುಂಚೆ ಯೆರೆಮೀಯನ 32ನೇ ಅಧ್ಯಾಯವನ್ನೂ 36ರಿಂದ 38ರವರೆಗಿನ ಮೂರನ್ನೂ ಓದಿ. ಒಟ್ಟು ನಾಲ್ಕೇ ಅಧ್ಯಾಯ.